ಹೆಸರು ಹಿಡಿದು ಬೇಡುವುದು

ದೇವರಿಗೆ ಎಲ್ಲವೂ ಗೊತ್ತಿರುವಾಗ ನಾವು ಹೋಗಿ ತಿಳಿಸಬೇಕಾದ್ದು ಏನಿದೆ? ಬೇಡುವವರ ಅಗತ್ಯ ಬೇಡುವ ಮೊದಲೇ ತಂದೆಗೆ ತಿಳಿದಿರುತ್ತದೆಂದು ಯೇಸುಸ್ವಾಮಿಯೇ ಬೆಟ್ಟದ ಮೇಲಿನ ಪ್ರಸಂಗದಲ್ಲಿ ಹೇಳಿದ್ದಾರೆ. ಹಾಗಿದ್ದರೂ ಕ್ರೈಸ್ತ ಸಭೆ ಎರಡು ಸಾವಿರ ವರ್ಷಗಳಿಂದ ಬೇರೆಯವರ ಪರವಾಗಿ ಬೇಡುತ್ತಲೇ ಬಂದಿದೆ. ಊರವರಿಗಾಗಿ, ಅರಸರಿಗಾಗಿ, ರೋಗಿಗಳಿಗಾಗಿ, ಸೆರೆಯಲ್ಲಿರುವವರಿಗಾಗಿ, ಕೊನೆಗೆ ಯಾವತ್ತೂ ಮುಖ ನೋಡದ ದೂರದೇಶದವರಿಗಾಗಿ. ಇದರ ಅರ್ಥವೇನು?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವರು ದೇವಶಾಸ್ತ್ರ ಓದಿದವರಲ್ಲ. ಪೂರಿಗಾಲಿಯಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ. ಮಾರ್ಚ್ ತಿಂಗಳ ಒಂದು ಸಂಜೆ ನಾವು ನಾಲ್ಕಾರು ಹೆಂಗಸರು ನಮ್ಮ ಮನೆಯ ನಡುಮನೆಯಲ್ಲಿ ಕೂತು ತೈವಾನಿನ ಹೆಂಗಸರು ಬರೆದ ಪ್ರಾರ್ಥನೆಯನ್ನು ಓದುತ್ತಿದ್ದೆವು. ಅಜ್ಜಿ ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತು ಕೊನೆಯವರೆಗೂ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ ಅಂದರು: "ಅಲ್ಲಾ ನರ್ಸಮ್ಮ, ಆ ದೇಸ ಯಾವ್ ದಿಕ್ಕಿಗೈತೆ ಅಂತ್ಲೇ ನಂಗೆ ಗೊತ್ತಿಲ್ಲ. ನಿಮ್ಗಾದ್ರೂ ಅವ್ರು ಕಂಡವ್ರಾ, ಉಂಡವ್ರಾ? ಅವ್ರಿಗ್ಯಾಕವ್ವ ನೀವು ದೇವ್ರತ್ರ ಕೇಳ್ಕೊಳ್ಳೋದು? ಅವ್ರ ದೇವ್ರು ಅವ್ರಿಗಿಲ್ವಾ?"

ನಾನು ಮೈಸೂರಿನ ಮಂಡಿ ಮೊಹಲ್ಲದ ಮಿಷನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತವಳು. ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ತೆರೆದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಅದು. ಊರಿಗೆಲ್ಲ ಮಿಷನ್ ಆಸ್ಪತ್ರೆ ಎಂದೇ ಹೆಸರು. ಆಮೇಲೆ ಸರ್ಕಾರಿ ಕೆಲಸ ಸಿಕ್ಕಿ ಮಳವಳ್ಳಿ ಸೀಮೆಯ ಹಳ್ಳಿಗಳಲ್ಲೇ ಸೇವೆ ಮುಗಿಸಿ, ಪೂರಿಗಾಲಿಯಲ್ಲಿ ನಿಂತೆ. ಇಲ್ಲಿ ನಮ್ಮವರ ಮನೆಗಳು ಬೆರಳೆಣಿಕೆ. ಹತ್ತಿರದ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯ ಮಠ, ಹೊಳೆಯ ದಂಡೆಗೆ ತಲಕಾಡು, ಕೆಳಗೆ ಹೋದರೆ ಶಿವನಸಮುದ್ರ. ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರ ತಂಬೂರಿ ಕೇಳಿ ಬೆಳೆದ ಸೀಮೆ ಇದು. ಈ ನಡುವೆ ನಮ್ಮದೊಂದು ಚಿಕ್ಕ ಶುಕ್ರವಾರದ ಪ್ರಾರ್ಥನೆ. ಹಬ್ಬಕ್ಕೆ, ಕರ್ತನ ಭೋಜನಕ್ಕೆ ಬಸ್ಸು ಹಿಡಿದು ಮೈಸೂರಿಗೆ ಹೋಗುತ್ತೇವೆ.

ಅವತ್ತು ಓದುತ್ತಿದ್ದದ್ದು ವಿಶ್ವ ಪ್ರಾರ್ಥನಾ ದಿನದ ಹಾಳೆಗಳು. ಪ್ರತಿ ವರ್ಷ ಮಾರ್ಚ್ ತಿಂಗಳ ಮೊದಲ ಶುಕ್ರವಾರ ನೂರಕ್ಕೂ ಹೆಚ್ಚು ದೇಶಗಳ ಕ್ರೈಸ್ತ ಹೆಂಗಸರು ಒಂದೇ ಕ್ರಮದ ಆರಾಧನೆ ನಡೆಸುತ್ತಾರೆ. ಪೆಸಿಫಿಕ್ ದ್ವೀಪಗಳಲ್ಲಿ ಬೆಳಗಾದಾಗ ಶುರುವಾಗಿ, ಹೊತ್ತು ಏರಿದಂತೆ ಪಡುವಣಕ್ಕೆ ಸರಿಯುತ್ತ, ಭೂಮಿಯನ್ನೇ ಒಂದು ಸುತ್ತು ಬರುತ್ತದೆ. ಆ ವರ್ಷದ ಪ್ರಾರ್ಥನೆಯನ್ನು ಬರೆಯುವುದು ಯಾವುದಾದರೊಂದು ದೇಶದ ಹೆಂಗಸರ ಪಾಲಿಗೆ ಬರುತ್ತದೆ. 2023ರಲ್ಲಿ ತೈವಾನ್, 2024ರಲ್ಲಿ ಪ್ಯಾಲೆಸ್ತೀನ್, 2025ರಲ್ಲಿ ಕುಕ್ ದ್ವೀಪಗಳು. ಇದು ಲೋಕವ್ಯಾಪಿಯಾದದ್ದು 1927ರಲ್ಲಿ. 1930ರ ಪ್ರಾರ್ಥನೆಯನ್ನು ಬರೆದವರು ಕೊರಿಯಾದ ಹೆಲೆನ್ ಕಿಮ್. ಆಗ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. ತನ್ನ ದೇಶದ ಮೇಲೆ ತನಗೇ ಅಧಿಕಾರವಿಲ್ಲದ ಕಾಲದಲ್ಲಿ ಒಬ್ಬ ಹೆಂಗಸು ಇಡೀ ಲೋಕದ ಸಭೆಗೆ ಪ್ರಾರ್ಥನೆಯ ಮಾತುಗಳನ್ನು ಕೊಟ್ಟಳು. ಅಮೆರಿಕ ಮುಂತಾದ ದೇಶಗಳ ಹೆಂಗಸರು ಅವನ್ನು ತಮ್ಮ ಬಾಯಲ್ಲಿ ಹೇಳಿದರು. ಈ ಸಂಗತಿ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಯಾಕೆಂದು ಹೇಳುವುದಕ್ಕೆ ನಮ್ಮದೇ ನೆಲದ ಚರಿತ್ರೆಗೆ ಸ್ವಲ್ಪ ಹೋಗಿ ಬರಬೇಕು.

ಮಂಡ್ಯ ಜಿಲ್ಲೆಗೆ ಕ್ರೈಸ್ತ ಮಿಷನ್ ಇಂಗ್ಲಿಷರ ಜೊತೆ ಬಂತೆಂದು ತಿಳಿದವರೇ ಹೆಚ್ಚು. ಇಂಗ್ಲಿಷರು ಇಲ್ಲಿ ಕಾಲಿಡುವುದಕ್ಕೆ ನೂರೈವತ್ತು ವರ್ಷ ಮುಂಚೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಇಟಲಿಯ ಜೆಸ್ವಿಟ್ ಪಾದ್ರಿ ಲಿಯೊನಾರ್ದೊ ಚಿನ್ನಾಮಿ ಶ್ರೀರಂಗಪಟ್ಟಣಕ್ಕೆ ಬಂದಿದ್ದರು. ಕನ್ನಡ ಕಲಿತು ಕನ್ನಡದಲ್ಲೇ ಧರ್ಮಬೋಧೆಯ ಪುಸ್ತಕ ಬರೆದರು. ಆ ಮಿಷನ್ನಿನವರು ಇಲ್ಲಿಯ ಸಮಾಚಾರವನ್ನು ವರ್ಷವರ್ಷವೂ ಗೋವೆಗೂ ರೋಮಿಗೂ ಕಾಗದ ಬರೆದು ಕಳಿಸುತ್ತಿದ್ದರು. ಕಾವೇರಿ ಬಯಲಿನ ಬರಗಾಲ, ಕಾಯಿಲೆ, ಹೊಸದಾಗಿ ದೀಕ್ಷಾಸ್ನಾನ ಪಡೆದವರ ಕಷ್ಟಸುಖ, ಎಲ್ಲವೂ ಹಡಗು ಹತ್ತಿ ಹೋಗುತ್ತಿತ್ತು. ಅಲ್ಲಿದ್ದವರು ಓದಿ ಇಲ್ಲಿಯವರಿಗಾಗಿ ಬೇಡಿಕೊಳ್ಳುತ್ತಿದ್ದರು. ಆದರೆ ರೋಮಿನ ಕಷ್ಟಸುಖವನ್ನು ಶ್ರೀರಂಗಪಟ್ಟಣದ ಹೊಸ ಕ್ರೈಸ್ತರಿಗೆ ತಿಳಿಸಿ, ನೀವೂ ನಮಗಾಗಿ ಬೇಡಿಕೊಳ್ಳಿ ಎಂದು ಕೇಳುವ ಕ್ರಮ ಆ ಏರ್ಪಾಟಿನಲ್ಲಿ ಇರಲಿಲ್ಲ. ಸುದ್ದಿ ಅತ್ತ ಹೋಗಬೇಕು, ಕೃಪೆ ಇತ್ತ ಬರಬೇಕು. ಮುಂದಿನ ಇನ್ನೂರೈವತ್ತು ವರ್ಷ ಬಹುಮಟ್ಟಿಗೆ ಇದೇ ನಡೆಯಿತು.

ಆದರೆ ಚರಿತ್ರೆಯೇ ಒಮ್ಮೆ ಈ ದಿಕ್ಕನ್ನು ತಿರುಗಿಸಿತು. ಜೆಸ್ವಿಟ್ ಸಂಘವನ್ನು 1773ರಲ್ಲಿ ಪೋಪರು ವಿಸರ್ಜಿಸಿದ ಮೇಲೆ ಮೈಸೂರು ಸೀಮೆಯ ಸಭೆಗಳು ಪ್ಯಾರಿಸಿನ ಮಿಷನ್ ಸಂಘದ ಕೈಗೆ ಬಂದವು. ಆ ಸಂಘದ ಅಬ್ಬೆ ದುಬ್ವಾ ಫ್ರಾನ್ಸಿನಲ್ಲಿ ಕ್ರಾಂತಿ ನಡೆಯುತ್ತಿದ್ದ 1792ರಲ್ಲಿ ಹಡಗು ಹತ್ತಿದರು. ಟಿಪ್ಪುಸುಲ್ತಾನ್ ಮಡಿದು ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಗೆ ಬಂದರು. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, ಜನರ ಬಾಯಲ್ಲಿ ದೊಡ್ಡಸ್ವಾಮಿಯವರಾದರು. ಸಿಡುಬಿಗೆ ದಾಕು ಹಾಕುವುದನ್ನು ಈ ಸೀಮೆಯಲ್ಲಿ ಹರಡಿದವರಲ್ಲಿ ಅವರೂ ಒಬ್ಬರು ಎಂಬುದು ನನ್ನಂಥ ನರ್ಸಿಗೆ ಹೆಮ್ಮೆಯ ಮಾತು. ಶ್ರೀರಂಗಪಟ್ಟಣದಲ್ಲಿ ಅವರ ಹೆಸರಿನ ಚರ್ಚು ಇವತ್ತಿಗೂ ಇದೆ.

ದುಬ್ವಾ ಅವರನ್ನು ಕಳಿಸಿದ ಆ ಫ್ರಾನ್ಸಿನ ಗತಿ ಏನಾಗಿತ್ತು? 1793–94ರಲ್ಲಿ ಅಲ್ಲಿ ಚರ್ಚುಗಳಿಗೆ ಬೀಗ ಬಿತ್ತು, ಪಾದ್ರಿಗಳನ್ನು ಕೊಂದರು, ಗಡಿಪಾರು ಮಾಡಿದರು. ಪ್ಯಾರಿಸಿನ ಆ ಮಿಷನ್ ಗುರುಮಠವೇ ಮುಚ್ಚಿಹೋಯಿತು. ಕಾವೇರಿ ದಂಡೆಯವರ ಆತ್ಮೋದ್ಧಾರಕ್ಕೆಂದು ಬೇಡುತ್ತಿದ್ದ ದೇಶದಲ್ಲೇ ಬಹಿರಂಗವಾಗಿ ಪ್ರಾರ್ಥನೆ ನಿಂತಿತು. ಈ ಕಡೆಯ ಕ್ರೈಸ್ತರಿಗೂ ಆ ದಶಕ ಸುಖದ್ದಾಗಿರಲಿಲ್ಲ, ಯುದ್ಧದ ಮೇಲೆ ಯುದ್ಧ. ಆದರೂ ಹಳ್ಳಿಗಳಲ್ಲಿ ಉಳಿದ ಕುಟುಂಬಗಳು ಜಪ ಬಿಡಲಿಲ್ಲ. ನಂಬಿಕೆಯನ್ನು ಕೊಟ್ಟವರು ಯಾರು, ಪಡೆದವರು ಯಾರು ಎಂಬ ಲೆಕ್ಕ ಆ ಕೆಲವು ವರ್ಷ ತಲೆಕೆಳಗಾಗಿತ್ತು. ಆದರೆ ಫ್ರಾನ್ಸಿಗಾಗಿ ನೀವು ಬೇಡಿಕೊಳ್ಳಿ ಎಂದು ಶ್ರೀರಂಗಪಟ್ಟಣದ, ಪಾಲಹಳ್ಳಿಯ ನೇಗಿಲ ಮಕ್ಕಳನ್ನು ಕೇಳಬೇಕೆಂದು ಆ ದೊಡ್ಡ ಸಂಘಕ್ಕೆ ತೋಚಿದ್ದರೆ ಮುಂದಿನ ಕಥೆ ಬೇರೆಯಾಗುತ್ತಿತ್ತೆಂದು ನನಗೆ ಅನ್ನಿಸುತ್ತದೆ. ದುಬ್ವಾ 1823ರಲ್ಲಿ ನಿರಾಶರಾಗಿ ಫ್ರಾನ್ಸಿಗೆ ಮರಳಿದರು. ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವುದು ಸಾಧ್ಯವಿಲ್ಲವೆಂದು ಅವರು ಬರೆದರು. ಮೂವತ್ತು ವರ್ಷ ಈ ದೇಶದವರೊಡನೆ ಬಾಳಿದ ಮನುಷ್ಯ, ತನಗೆ ಇಲ್ಲಿಯವರಿಂದ ಬಂದದ್ದೇನು ಎಂದು ಕೇಳಿಕೊಂಡಿದ್ದರೆ ಬಹುಶಃ ಅಷ್ಟು ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

ಬಾಸೆಲ್ ಮಿಷನ್ನಿನ ಕಥೆ ಕರಾವಳಿ ಮತ್ತು ಧಾರವಾಡದ ಕಡೆಯವರಿಗೆ ಹೆಚ್ಚು ಗೊತ್ತು: 1834ರಲ್ಲಿ ಮಂಗಳೂರಿಗೆ ಬಂದವರು, ಹೆಂಚಿನ ಕಾರ್ಖಾನೆ ಹಾಕಿದವರು, ಮೋಗ್ಲಿಂಗ್, ಕಿಟೆಲ್. ಆ ದೊಡ್ಡ ಹೆಸರುಗಳ ಬೆನ್ನಿಗೆ ನಿಂತ ಸಣ್ಣ ಜನರನ್ನು ನಾವು ನೆನೆಯುವುದು ಕಡಿಮೆ. 1855ರಲ್ಲಿ ಬಾಸೆಲ್ ನಗರದಲ್ಲಿ ಅರ್ಧ ಬಾಟ್ಸೆನ್ ಕಾಣಿಕೆ ಎಂಬ ಒಂದು ಏರ್ಪಾಟು ಶುರುವಾಯಿತು. ಬಾಟ್ಸೆನ್ ಅನ್ನುವುದು ಅಲ್ಲಿಯ ಹಳೆಯ ಚಿಲ್ಲರೆ ನಾಣ್ಯ. ಮಿಷನ್ನಿಗೆಂದು ವಾರಕ್ಕೆ ಅರ್ಧ ಬಾಟ್ಸೆನ್ ಕೊಡುತ್ತೇವೆಂದು ಸಾಮಾನ್ಯ ಜನ ಮಾತು ಕೊಟ್ಟರು. ಮನೆಮನೆಗೆ ಹೋಗಿ ಅದನ್ನು ಕೂಡಿಸುತ್ತಿದ್ದರು. ಕಾರ್ಖಾನೆಯ ಆಳು, ಮನೆಗೆಲಸದವಳು, ವಿಧವೆ ಅಂಥವರ ಕಾಸು ಅದು. ಕಾಸಿನ ಜೊತೆಗೆ ಪ್ರಾರ್ಥನೆ ಇತ್ತು. ಮಂಗಳೂರು, ಧಾರವಾಡ, ಹುಬ್ಬಳ್ಳಿ ಎಂಬ ಹೆಸರುಗಳು ರೈನ್ ನದಿಯ ದಂಡೆಯ ಅಡುಗೆಮನೆಗಳಲ್ಲಿ ಉಚ್ಚಾರವಾದವು. ಇದನ್ನು ನಾನು ತಲೆಬಾಗಿ ನೆನೆಯುತ್ತೇನೆ. ನಾನು ಓದಿದ್ದು, ಸೂಜಿ ಹಿಡಿಯಲು ಕಲಿತದ್ದು, ಇಂಥದೇ ಇನ್ನೊಂದು ದೇಶದ ಇಂಥದೇ ಹೆಂಗಸರ ಕಾಸಿನಿಂದ ಎದ್ದ ಕಟ್ಟಡದಲ್ಲಿ.

ಆ ಕಾಣಿಕೆಯ ಏರ್ಪಾಟಿಗೂ ಮುಂಚೆಯೇ ಆ ಊರಿಗೆ ಇಲ್ಲಿಂದ ಒಬ್ಬರು ಹೋದದ್ದೂ ಉಂಟು. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, 1846ರಲ್ಲಿ ಬಾಸೆಲಿಗೆ ಹೋಗಿ ಅಲ್ಲಿಯ ಸೆಮಿನರಿಯಲ್ಲಿ ಐದು ವರ್ಷ ಓದಿದರು. ಗುರುದೀಕ್ಷೆ ಪಡೆದು 1851ರಲ್ಲಿ ಮರಳಿ ಮಂಗಳೂರಿನಲ್ಲಿ ಪಾಠ ಹೇಳಿದರು, ಮುಂದೆ ಕೊಡಗಿನ ಆನಂದಪುರದಲ್ಲಿ ದುಡಿದರು. ಜರ್ಮನಿಯ ಹೆಣ್ಣುಮಗಳೊಬ್ಬಳನ್ನು ಮದುವೆಯಾದರು. ಯಾರಿಗಾಗಿ ಪ್ರಾರ್ಥಿಸುತ್ತಿದ್ದರೋ ಅವರಲ್ಲೊಬ್ಬ ಖುದ್ದಾಗಿ ಬಂದು ತಮ್ಮ ಪಂಕ್ತಿಯಲ್ಲಿ ಕೂತಾಗ, ತಮ್ಮ ಸಭೆಯಲ್ಲಿ ನಿಂತು ಪ್ರಾರ್ಥಿಸಿದಾಗ, ಆ ಊರಿನವರಿಗೆ ಏನೋ ಒಂದು ಬದಲಾಗಿರಲೇಬೇಕು. ಆದರೆ ಕೌಂಡಿನ್ಯರ ಹಿಂದೆ ಹಾಗೆ ಹೋದವರು ಬಹಳ ಕಡಿಮೆ. ಅತ್ತಣಿಂದ ಇತ್ತ ನೂರಾರು ಜನ, ಇತ್ತಣಿಂದ ಅತ್ತ ಒಬ್ಬಿಬ್ಬರು.

ಆಮೇಲೆ 1914 ಬಂತು. ಜರ್ಮನಿಗೂ ಇಂಗ್ಲೆಂಡಿಗೂ ಯುದ್ಧ. ಬಾಸೆಲ್ ಮಿಷನ್ನಿನಲ್ಲಿದ್ದ ಜರ್ಮನ್ನರನ್ನು ಇಂಗ್ಲಿಷ್ ಸರ್ಕಾರ ಬಂಧನದಲ್ಲಿಟ್ಟು ಆಮೇಲೆ ದೇಶ ಬಿಡಿಸಿತು; ಕಾರ್ಖಾನೆಗಳು ಕೈಬಿಟ್ಟು ಹೋದವು. ಮೈಸೂರಿನಲ್ಲಿ ಇಂಗ್ಲಿಷ್ ವೆಸ್ಲಿಯನ್ನರು, ಮಂಗಳೂರಿನಲ್ಲಿ ಜರ್ಮನ್ನರು. ಕನ್ನಡ ಬೈಬಲ್ಲಿನ ಪರಿಷ್ಕರಣೆಗೆ ಎರಡೂ ಕಡೆಯವರು ಒಂದೇ ಮೇಜಿನ ಸುತ್ತ ಕೂತಿದ್ದರು. ಈಗ ಅವರ ದೇಶಗಳ ಚರ್ಚುಗಳಲ್ಲಿ ಒಂದೇ ದೇವರ ಮುಂದೆ ಎರಡು ಎದುರುಬದುರು ಗೆಲುವಿಗಾಗಿ ಮೊರೆ. ಇಬ್ಬರಿಂದಲೂ ಪಾಠ ಕಲಿತ ಕನ್ನಡದ ಕ್ರೈಸ್ತ ಯಾರ ಗೆಲುವನ್ನು ಬೇಡಬೇಕು? ಮಂಗಳೂರಿನ ಸಭೆಗಳನ್ನು ನಮ್ಮ ಜನರೇ ಆದ ಸಭಾಪಾಲಕರು, ಉಪದೇಶಿಗಳು ನಡೆಸಿಕೊಂಡು ಹೋದರು. ಕಳಿಸಿದವರು ತಾವೇ ಸೆರೆಯಾದಾಗ ಅವರಿಗಾಗಿ ಬೇಡುವವರು ಇಲ್ಲಿಯವರಾದರು. ಯಾರ ಪಟ್ಟಿಯಲ್ಲಿ ಯಾರ ಹೆಸರು ಇರಬೇಕೆಂಬುದನ್ನು ಆ ಯುದ್ಧ ಮತ್ತೊಮ್ಮೆ ತಿರುಗಿಸಿ ಬರೆಯಿತು.

ಇದಕ್ಕೆ ನಾಲ್ಕು ವರ್ಷ ಮುಂಚೆ, 1910ರಲ್ಲಿ, ಎಡಿನ್‌ಬರೋ ನಗರದಲ್ಲಿ ಲೋಕದ ಮಿಷನರಿಗಳ ಮಹಾಸಮ್ಮೇಳನ ನಡೆದಿತ್ತು. ಸುಮಾರು 1200 ಪ್ರತಿನಿಧಿಗಳು. ಏಷ್ಯಾದವರು ಅವರಲ್ಲಿ ಇಪ್ಪತ್ತರ ಆಸುಪಾಸು. ಆ ಸಭೆಯಲ್ಲಿ ತಮಿಳುನಾಡಿನ ವಿ. ಎಸ್. ಅಜರಯ್ಯ ಎದ್ದು ನಿಂತು, ನೀವು ನಮಗೆ ಆಸ್ತಿ ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ಸ್ನೇಹವನ್ನು ಮಾತ್ರ ಕೊಡಲಿಲ್ಲ ಎಂಬ ಅರ್ಥದ ಮಾತು ಆಡಿದರು. ಕೇಳಿದವರಲ್ಲಿ ಹಲವರು ಸಿಟ್ಟಾದರು. ಎರಡು ವರ್ಷದ ಮೇಲೆ ಅವರೇ ದೋರ್ನಕಲ್ಲಿನ ಬಿಷಪ್ ಆದರು, ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್. ಅಜರಯ್ಯನವರು ಕೇಳಿದ್ದು ಹಣವನ್ನಲ್ಲ, ಅಧಿಕಾರವನ್ನಲ್ಲ. ನಮ್ಮ ಮನೆಗೆ ಬಂದು ಕೂತು ಉಣ್ಣಿ, ನಿಮ್ಮ ಮನೆಗೂ ಕರೆಯಿರಿ ಎಂದು ಕೇಳಿದರು. ಪ್ರಾರ್ಥನೆಗೂ ಅದೇ ಮಾತು ಸಲ್ಲುತ್ತದೆ.

ನರ್ಸಿಂಗ್ ಕಲಿಯುವಾಗ ಹಳೆಯ ಕಪಾಟೊಂದರಲ್ಲಿ ಯಾವುದೋ ದೇಶದ ಹಳೇ ಮಿಷನ್ ಪತ್ರಿಕೆ ನನ್ನ ಕೈಗೆ ಸಿಕ್ಕಿತ್ತು. ಅದರಲ್ಲೊಂದು ಚಿತ್ರ. ಗುಡಿಸಲ ಮುಂದೆ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತ ನಮ್ಮ ಕಡೆಯ ಹೆಂಗಸು, ಪಕ್ಕದಲ್ಲಿ ಬಿಳಿ ಟೋಪಿಯ ದೊರೆಸಾನಿ. ಉಟ್ಟಿದ್ದ ಸೀರೆಯ ಕಟ್ಟು, ಮೂಗಿನ ಬೊಟ್ಟು, ನಮ್ಮ ಅಜ್ಜಿಯ ಹಾಗೇ ಇದ್ದಳು. ಕೆಳಗೆ ದೊರೆಸಾನಿಯ ಪೂರ್ತಿ ಹೆಸರು ಅಚ್ಚಾಗಿತ್ತು. ಹೆಂಗಸಿಗೆ ಹೆಸರಿರಲಿಲ್ಲ, ಇಂಥವರಿಗಾಗಿ ಪ್ರಾರ್ಥಿಸಿರಿ ಎಂಬರ್ಥದ ಒಂದು ಸಾಲು. ಅವಳಿಗೆ ಒಂದು ಹೆಸರಿತ್ತು, ಆ ಮಗುವಿಗೂ ಇತ್ತು. ಕೇಳಿದ್ದರೆ ಹೇಳುತ್ತಿದ್ದಳು. ಅವಳಿಗಾಗಿ ಎಷ್ಟು ಜನ ಮೊಣಕಾಲೂರಿದರೋ ಗೊತ್ತಿಲ್ಲ, ಆ ಜನರ ಮೇಲೆ ನನಗೆ ಕೋಪವೂ ಇಲ್ಲ. ಆದರೆ ಹೆಸರಿಲ್ಲದವರಿಗಾಗಿ ಮಾಡುವ ಪ್ರಾರ್ಥನೆ ಬೇಗ ಮರುಕವಾಗಿಬಿಡುತ್ತದೆ. ಮರುಕಪಡುವವನು ಮೇಲೆ, ಮರುಕಕ್ಕೆ ಗುರಿಯಾದವನು ಕೆಳಗೆ.

ಈಗ ಅಜ್ಜಿಯ ಪ್ರಶ್ನೆಗೆ ನನಗೆ ತೋಚಿದ ಉತ್ತರವನ್ನು ಹೇಳುತ್ತೇನೆ. ಬೇರೆಯವರಿಗಾಗಿ ಬೇಡುವುದು ದೇವರಿಗೆ ಸುದ್ದಿ ಮುಟ್ಟಿಸುವುದಕ್ಕಲ್ಲ. ಬೇಡಿದವನು ಆ ಹೆಸರಿಗೆ ಬದ್ಧನಾಗುತ್ತಾನೆ. ವಾರ್ಡಿನಲ್ಲಿ ರಾತ್ರಿ ಪಾಳಿ ಮುಗಿಸಿ ಹೊರಡುವ ನರ್ಸು ಬೆಳಗಿನ ಪಾಳಿಯವಳಿಗೆ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ಹೆಸರು ಹೇಳಿ ಒಪ್ಪಿಸುತ್ತಾಳೆ: ಮೂರನೇ ಮಂಚದವರಿಗೆ ರಾತ್ರಿ ಜ್ವರ ಬಿಡಲಿಲ್ಲ, ಏಳನೆಯವರು ನೀರು ಕುಡಿದರು ಎಂದು. ಅದೆಲ್ಲ ಕೇಸ್‌ಶೀಟಿನಲ್ಲಿ ಬರೆದೇ ಇರುತ್ತದೆ. ಆದರೂ ಬಾಯಿ ಬಿಟ್ಟು ಹೇಳಬೇಕು, ಅವಳು ಕಿವಿಗೊಟ್ಟು ಕೇಳಬೇಕು; ಕೇಳಿದ ಮೇಲೆ ಆ ರೋಗಿ ಅವಳ ಹೊಣೆ. ಪ್ರಾರ್ಥನೆಯಲ್ಲಿ ಹೆಸರು ಹೇಳುವುದೂ ಹೀಗೆ ಹೊಣೆ ಹೊರುವುದು. ತೈವಾನಿಗಾಗಿ ಬೇಡಿದವಳು ಮರುದಿನ ಪೇಪರಿನಲ್ಲಿ ತೈವಾನಿನ ಭೂಕಂಪದ ಸುದ್ದಿ ಬಂದರೆ ಪುಟ ತಿರುಗಿಸಲಾರಳು. 2024ರ ಮಾರ್ಚಿನಲ್ಲಿ ನಮಗೆ ಹಾಗೇ ಆಯಿತು. ಪ್ಯಾಲೆಸ್ತೀನಿನ ಹೆಂಗಸರು ಆ ವರ್ಷದ ಪ್ರಾರ್ಥನೆಯನ್ನು ಯುದ್ಧಕ್ಕೆ ಮುಂಚೆಯೇ ಬರೆದು ಕೊಟ್ಟಿದ್ದರು. ನಾವು ಅದನ್ನು ಕೈಗೆತ್ತಿಕೊಂಡಾಗ ಗಾಜಾದಲ್ಲಿ ಬಾಂಬು ಬೀಳುತ್ತಿತ್ತು. ಒಬ್ಬೊಬ್ಬರೂ ಒಂದೊಂದು ಭಾಗ ಓದುವುದು ನಮ್ಮ ವಾಡಿಕೆ. ಅವತ್ತು ಓದುವವಳ ಗಂಟಲು ಕಟ್ಟಿ, ಹಾಳೆಯನ್ನು ಪಕ್ಕದವಳಿಗೆ ದಾಟಿಸಿದಳು. ಟಿವಿಯಲ್ಲಿ ತಿಂಗಳುಗಟ್ಟಲೆ ನೋಡಿದ್ದು ಆ ಸಂಜೆ ನಮ್ಮ ಮನೆಯೊಳಕ್ಕೆ ಬಂತು.

ಆದರೆ ಹೊಣೆ ಒಂದೇ ಕಡೆ ಇದ್ದರೆ ಅನ್ಯೋನ್ಯತೆ ಆಗುವುದಿಲ್ಲ. ಇದನ್ನು ನಮಗೆ ಕಲಿಸಿದವರು ಇಂಗ್ಲೆಂಡಿನ ಒಂದು ಚಿಕ್ಕ ಸಭೆಯವರು. ಆ ಸಭೆಯಿಂದ ಹಿಂದೆ ಇಲ್ಲಿಗೆ ಬಂದು ದುಡಿದು ಹೋದ ನರ್ಸೊಬ್ಬರ ಮೂಲಕ ಕಾಗದದ ಸಂಬಂಧ ಬೆಳೆದಿತ್ತು. ನಿಮ್ಮ ಪ್ರಾರ್ಥನೆಯ ವಿಷಯಗಳನ್ನು ಕಳಿಸಿ ಎಂದು ಅವರು ಕೇಳುವರು. ನಾವು ಕಳಿಸುವೆವು: ಮಳೆ ಇಲ್ಲ, ನಾಲೆಗೆ ನೀರು ಬಿಟ್ಟಿಲ್ಲ, ಕಬ್ಬಿನ ಬಾಕಿ ಬಂದಿಲ್ಲ, ಹುಡುಗಿಗೆ ಪಿಯುಸಿ ಪರೀಕ್ಷೆ, ಇಂಥವರಿಗೆ ಡಯಾಲಿಸಿಸ್. ಅವರ ಕಡೆಯಿಂದ ಬರುತ್ತಿದ್ದದ್ದು ಹಬ್ಬದ ಶುಭಾಶಯ, ಹೂವಿನ ಚಿತ್ರ, ಸಭೆಯ ಕಾರ್ಯಕ್ರಮದ ಪಟ್ಟಿ. ವರ್ಷಗಟ್ಟಲೆ ಹೀಗೆ. ಆ ದೇಶದಲ್ಲಿ ಕಷ್ಟವೇ ಇಲ್ಲವೇನೋ ಎಂದು ನಮ್ಮಲ್ಲೊಬ್ಬಳು ನಿಜವಾಗಿಯೂ ನಂಬಿದ್ದಳು. ಕೊನೆಗೊಮ್ಮೆ ಆ ವೃದ್ಧ ನರ್ಸು ಬೇರೆ ರೀತಿಯ ಕಾಗದ ಬರೆದರು. ಆರಾಧನೆಗೆ ಬರುವವರು ಬೆರಳೆಣಿಕೆಯಷ್ಟು ಜನ, ಎಲ್ಲರೂ ವಯಸ್ಸಾದವರು. ಚಳಿಗಾಲದಲ್ಲಿ ಕಟ್ಟಡ ಬಿಸಿ ಮಾಡಲು ದುಡ್ಡಿಲ್ಲ. ಬಹುಶಃ ಚರ್ಚು ಮುಚ್ಚುತ್ತದೆ. ತನ್ನ ಮಗ ದೇವರನ್ನು ಬಿಟ್ಟಿದ್ದಾನೆ, ಮಾತಾಡಿಸುವುದನ್ನೂ ಬಿಟ್ಟಿದ್ದಾನೆ. ನಮಗಾಗಿ ಬೇಡಿಕೊಳ್ಳಿ ಎಂದು ಬರೆದಿದ್ದರು.

ಆ ಶುಕ್ರವಾರ ನಮ್ಮ ಪ್ರಾರ್ಥನೆಯ ಬಗೆಯೇ ಬೇರೆಯಾಯಿತು. ಕೂಲಿ ಮಾಡಿ ಬಂದು ಕೈಕಾಲು ತೊಳೆದು ಕೂತ ಹೆಂಗಸು ಒಬ್ಬ ಇಂಗ್ಲಿಷ್ ತಾಯಿಗಾಗಿ ಬೇಡಿದಳು, ಮಗ ಮಾತಾಡಿಸಲೆಂದು. ಮಗ ಮಾತಾಡಿಸದ ನೋವು ಅವಳಿಗೂ ಗೊತ್ತಿತ್ತು. ಅದುವರೆಗೆ ಅವಳು ತನ್ನನ್ನು ಕೇಳಿಕೊಳ್ಳುವವಳೆಂದೇ ತಿಳಿದಿದ್ದಳು, ಕೊಡಬಲ್ಲವಳೆಂದು ತಿಳಿದಿರಲಿಲ್ಲ. ಎದ್ದು ಹೋಗುವಾಗ ಬೆನ್ನು ನೆಟ್ಟಗಿತ್ತು. ಪಕ್ಕದ ಮನೆಯ ಅಜ್ಜಿಯೂ ಇದ್ದರು. ಅವರು ನಮ್ಮ ಧರ್ಮಕ್ಕೆ ಬಂದವರಲ್ಲ, ನಾವೂ ಕರೆದವರಲ್ಲ; ಮಂಟೇಸ್ವಾಮಿ ಒಕ್ಕಲು, ಹಾಗೇ ಇದ್ದಾರೆ. ಆದರೆ ಅವತ್ತು, ಕುವೈತಿನಲ್ಲಿ ಡ್ರೈವರ್ ಆಗಿರುವ ಮೊಮ್ಮಗನ ಹೆಸರನ್ನೂ ಒಂದು ಸೇರಿಸ್ಕೊಳ್ರವ್ವ ಎಂದರು. ಸೇರಿಸಿದೆವು. ಅದರ ಮುಂದಿನ ವಾರ ಬಂದವರೇ ಕೇಳಿದ್ದು, "ಆ ದೊರೆಸಾನಿ ಮಗ ಮಾತಾಡ್ಸುದ್ನಾ?"

ನಮ್ಮ ದೇಶದಿಂದಲೇ ಲೋಕಕ್ಕೆ ಪ್ರಾರ್ಥನೆಯ ಕರೆ ಹೋದದ್ದೂ ಉಂಟು. ಪಂಜಾಬಿನ ಲುಧಿಯಾನದಲ್ಲಿ ಕೂಡಿದ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನವರು 1858ರಲ್ಲಿ, 1860ರ ಜನವರಿಯಲ್ಲಿ ಒಂದು ವಾರ ಎಲ್ಲ ದೇಶಗಳ ಕ್ರೈಸ್ತರೂ ಒಟ್ಟಾಗಿ ಪ್ರಾರ್ಥಿಸೋಣವೆಂದು ಕರೆ ಕೊಟ್ಟರು. 1857ರ ದಂಗೆಯ ಗಾಯ ಹಸಿಯಾಗಿದ್ದ ಕಾಲ. ಆ ಕರೆ ಯುರೋಪು ಅಮೆರಿಕಗಳಲ್ಲಿ ನೆಲೆನಿಂತಿತು. ಜನವರಿಯ ಪ್ರಾರ್ಥನಾ ವಾರ ಇಂದಿಗೂ ಹಲವು ಕಡೆ ನಡೆಯುತ್ತದೆ. ಹಾಗೆಯೇ 1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ, ಇಂಗ್ಲೆಂಡಿನಲ್ಲಿ ಬೇರೆ ಬೇರೆಯಾಗಿಯೇ ಉಳಿದಿದ್ದ ಆಂಗ್ಲಿಕನ್, ಮೆಥಡಿಸ್ಟ್ ಮುಂತಾದವರ ಮಕ್ಕಳು ಇಲ್ಲಿ ಒಂದಾದರು. ನಮ್ಮ ಮೈಸೂರಿನ ವೆಸ್ಲಿಯನ್ ಸಭೆಗಳೂ ಅದರಲ್ಲಿ ಸೇರಿದವು. ತಂದೆತಾಯಿ ಮಾಡಲಾರದ್ದನ್ನು ಮಕ್ಕಳು ಮಾಡಿದರು. ಕಲಿಸಿದವರು ಕಲಿಯಬೇಕಾದ್ದು ಇಲ್ಲಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಸಮುದ್ರದ ಆಚೆಯವರಿಗಾಗಿ ಬೇಡುವುದು ಕೇರಿಯ ಆಚೆಯವರಿಗಾಗಿ ಬೇಡುವುದಕ್ಕಿಂತ ಸುಲಭ. ಕುಕ್ ದ್ವೀಪದ ಹೆಂಗಸು ನನ್ನ ಲೋಟದಲ್ಲಿ ನೀರು ಕೇಳಲು ಬರುವುದಿಲ್ಲ. ನಾನು ಸೇವೆಯಲ್ಲಿದ್ದಾಗ ಹೆರಿಗೆ ಮಾಡಿಸಿದ ಮನೆಯೊಂದರಲ್ಲಿ, ಮಗು ಅತ್ತು ಎಲ್ಲರೂ ನಗುತ್ತಿದ್ದ ಹೊತ್ತಿನಲ್ಲೇ, ನನಗೆ ನೀರನ್ನು ಹೊರಗಿನ ಚೆಂಬಿನಲ್ಲಿ ಎತ್ತಿ ಹೊಯ್ದರು. ಆ ಕೂಸನ್ನು ಮೊದಲು ಮುಟ್ಟಿದ್ದು ಇದೇ ಕೈ. ಇದು ಹಿಂದೂಗಳ ಮನೆಯ ದೂರು ಎಂದು ಯಾರೂ ತಿಳಿಯಬೇಕಾಗಿಲ್ಲ. ನಮ್ಮ ಸಭೆಗಳಲ್ಲೂ ಸಂಬಂಧ ಬೆಳೆಸುವಾಗ, ಸಮಾಧಿಗೆ ಜಾಗ ಹುಡುಕುವಾಗ, ಜಾತಿಯ ಲೆಕ್ಕ ಮೆಲ್ಲಗೆ ಹೊರಗೆ ಬರುತ್ತದೆ. ಒಂದೇ ಬಟ್ಟಲಿನಿಂದ ಕರ್ತನ ದ್ರಾಕ್ಷಾರಸ ಕುಡಿದವರು ಮದುವೆ ಮಾತಿಗೆ ಕೂತಾಗ ಕುಲ ಕೇಳುತ್ತಾರೆ. ನೈಜೀರಿಯಾದವರು ನಮ್ಮ ಸೋದರಿಯರು ಎಂದು ಹಾಡಿ ಬಂದ ಬಾಯಿಂದ ಆ ಮಾತು ಬಂದರೆ ಹಾಡಿದ್ದು ಸುಳ್ಳಾಗುತ್ತದೆ.

ಹಾಗೆಂದು ದೂರದವರಿಗಾಗಿ ಬೇಡುವುದನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಅದನ್ನು ಪೂರ್ತಿ ಮಾಡಬೇಕು. ದೂರದವರ ಹೆಸರು ಹಿಡಿದು ಬೇಡುವ ಅಭ್ಯಾಸ ಆದವಳಿಗೆ ಹತ್ತಿರದವರನ್ನು ಕುಲದ ಹೆಸರಿನಿಂದ ಗುರುತಿಸುವುದು ಕ್ರಮೇಣ ನಾಚಿಕೆಯಾಗುತ್ತದೆ. ಆಗದಿದ್ದರೆ ಅವಳ ಪ್ರಾರ್ಥನೆಯನ್ನು ಅವಳೇ ಕೇಳಿಸಿಕೊಂಡಿಲ್ಲ. ನಮ್ಮ ಪಟ್ಟಿಯಲ್ಲಿ ಈಗ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಒಂದು ದೂರದೇಶದ ಹೆಸರು ಬರೆದರೆ, ನಮ್ಮ ಊರಿನಲ್ಲಿ ನಾವು ಮಾತಾಡಿಸದ ಒಂದು ಮನೆಯ ಹೆಸರನ್ನೂ ಬರೆಯಬೇಕು. ಆ ವಾರದೊಳಗೆ ಆ ಮನೆಯ ಜಗಲಿಯ ಮೇಲೆ ಯಾರಾದರೊಬ್ಬರು ಹೋಗಿ ಕೂತು ಬರಬೇಕು. ಕೆಲವು ಸಲ ಬಾಗಿಲು ತೆಗೆಯುವುದಿಲ್ಲ. ಹೋಗುವುದನ್ನು ಬಿಟ್ಟಿಲ್ಲ.

ಸಂತ ಪೌಲನು ರೋಮಿನ ಸಭೆಗೆ ಬರೆದ ಪತ್ರವನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಬರೆಯುವಾಗ ಅವನು ಆ ಸಭೆಯನ್ನು ಇನ್ನೂ ನೋಡಿಯೇ ಇರಲಿಲ್ಲ. ಬೇರೆ ದೇಶಗಳ ಸಭೆಗಳಿಂದ ಕೂಡಿಸಿದ ಹಣವನ್ನು ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಕೊಡಲು ಹೊರಟಿದ್ದ. ಹೊರಡುವ ಮುಂಚೆ ಆ ಕಾಣದ ಊರಿನವರನ್ನು ಅವನು ಬೇಡಿದ್ದು ತನಗಾಗಿ ಪ್ರಾರ್ಥಿಸಿರೆಂದು. ಅದರಲ್ಲೂ, ತಾನು ಒಯ್ಯುತ್ತಿರುವ ಕೊಡುಗೆಯನ್ನು ಅಲ್ಲಿಯವರು ಒಪ್ಪಿ ತೆಗೆದುಕೊಳ್ಳಲೆಂದು ಪ್ರಾರ್ಥಿಸಿರೆಂದು. ಕೊಡಲು ಹೋಗುವವನೇ ಅಂಜುತ್ತಿದ್ದಾನೆ, ನಾನು ಕೊಟ್ಟದ್ದು ಅವರಿಗೆ ಹಿಡಿಸೀತೋ ಇಲ್ಲವೋ ಎಂದು. ಆ ಅಂಜಿಕೆ ದೊಡ್ಡ ದೊಡ್ಡ ಮಿಷನ್ನುಗಳಿಗೆ ಮೊದಲಿನಿಂದ ಇದ್ದಿದ್ದರೆ ಆ ಹಳೇ ಚಿತ್ರದ ಹೆಂಗಸಿನ ಹೆಸರು ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಈಗ ಕೊಡುವ ಸರದಿ ನಮ್ಮದೂ ಆಗಿದೆ. ನಮ್ಮ ಕರ್ನಾಟಕದ ಸಭೆಗಳೇ ಉತ್ತರಕ್ಕೆ, ಈಶಾನ್ಯಕ್ಕೆ, ಕೊಲ್ಲಿ ದೇಶಗಳಿಗೆ ಸೇವಕರನ್ನು ಕಳಿಸುತ್ತಿವೆ. ಹೋಗುವವರಿಗೆ ನನ್ನದೊಂದು ಮಾತು: ಅಲ್ಲಿಯವರ ಹೆಸರು ಕೇಳಿ ತಿಳಿಯಿರಿ, ನಿಮ್ಮ ಕಷ್ಟವನ್ನು ಬಚ್ಚಿಡದೆ ಅವರಿಗೆ ಹೇಳಿ, ನಮಗಾಗಿ ಬೇಡಿಕೊಳ್ಳಿ ಎಂದು ಅವರನ್ನೇ ಮೊದಲು ಕೇಳಿ. ಕೇಳಲಾರದವನಿಗೆ ಕೊಡುವುದಕ್ಕೂ ಬರುವುದಿಲ್ಲ.